ಹಳೇ ಕಾರಿನ ಕ್ಯಾಸೆಟ್ ಸ್ಟೀರಿಯೋ

ಪ್ರಶ್ನೆ: 1990ರ ದಶಕದ ನಮ್ಮ ಕಾರಿನಲ್ಲಿ ಕಂಪನಿಯದೇ ಕ್ಯಾಸೆಟ್ ಸ್ಟೀರಿಯೋ ಇದೆ. ಹಾಡು ಎಳೆದೆಳೆದು ಬರುತ್ತದೆ. ಕಿತ್ತು ಹೊಸದು ಹಾಕಿಸಲೇ?

ಉತ್ತರ: ಅವಸರ ಬೇಡ. ಒಳಗೆ ಮೋಟಾರಿನಿಂದ ಚಕ್ರಕ್ಕೆ ಸುತ್ತಿದ ತೆಳು ರಬ್ಬರ್ ಬೆಲ್ಟ್ ವಯಸ್ಸಾದಂತೆ ಜೋಲುತ್ತದೆ. ಕೆಲವು ಸೆಟ್ಟುಗಳಲ್ಲಂತೂ ಕರಗಿ ಡಾಂಬರಿನಂತೆ ಮೆತ್ತಿಕೊಂಡಿರುತ್ತದೆ. ಟೇಪು ನಿಧಾನವಾಗಿ ತಿರುಗಿದರೆ ಗಾಯಕಿಯ ದನಿಯೂ ಗಡಸಾಗುತ್ತದೆ. ಬೆಲ್ಟ್ ಬದಲಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ ಒರೆಸಿದರೆ ಎಷ್ಟೋ ಸೆಟ್ಟುಗಳು ಸರಿಹೋಗುತ್ತವೆ. ಮೊಬೈಲಿನ ಹಾಡಿಗೆ ಕ್ಯಾಸೆಟ್ ಆಕಾರದ ಅಡಾಪ್ಟರ್ ಇದೆ. ಬ್ಲೂಟೂತ್ ಕರೆ ಬೇಕೇಬೇಕೆಂದರೆ ಬದಲಿಸಿ. ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಸಿಂಗಲ್ ಡಿನ್ ಜಾಗಕ್ಕೆ ಹೊಸ ಸೆಟ್ಟೂ ಕೂರುತ್ತದೆ. ವೈರು ಕತ್ತರಿಸಲು ಮಾತ್ರ ಬಿಡಬೇಡಿ, ಕನೆಕ್ಟರ್ ಹಾಕಿಸಿ. ಹಳೆಯದನ್ನು ಗುಜರಿಗೆ ಕೊಡಬೇಡಿ. ಮುಂದೆ ಕಾರು ಕೊಳ್ಳುವವರು ಅದನ್ನೇ ಕೇಳಿಯಾರು.