ತಣ್ಣಗಿರುವ ಸೌದೆ ಗ್ಯಾಸಿಫೈಯರಿಗೆ ಬೆಂಕಿ ಹಚ್ಚುವ ಕ್ರಮ



ಕಾಫಿ ಹಣ್ಣಿನ ಕೊಯ್ಲೂ ಅಡಿಕೆ ಕೊಯ್ಲೂ ಒಟ್ಟಿಗೆ ಬೀಳುವ ದಿನಗಳಲ್ಲಿ ಮೋಡ ಕವಿದರೆ ಕಣದ ಮೇಲಿನ ಮಾಲು ಬೂಷ್ಟು ಹಿಡಿಯುವುದು ನಮಗೆಲ್ಲ ತಿಳಿದದ್ದೇ. ಆದುದರಿಂದ ಕೆಲವರು ಡ್ರೈಯರಿಗೂ ಅಡಿಕೆ ಬೇಯಿಸುವ ಹಂಡೆಗೂ ಸೌದೆ ಗ್ಯಾಸಿಫೈಯರ್ ಜೋಡಿಸಿಕೊಂಡಿದ್ದಾರೆ. ಮರಗಸಿಯ ಸಿಲ್ವರ್ ಓಕ್ ಕೊಂಬೆಗಳೇ ಇದಕ್ಕೆ ಸಾಕು. ವಿಷಯ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ನಮ್ಮ ಕಡೆಯ ಬಸ್ಸುಗಳು ಇದ್ದಿಲು ಗ್ಯಾಸಿನಲ್ಲಿ ಓಡಿದ್ದನ್ನು ಹಿರಿಯರು ಹೇಳುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಇಂಥದೇ ಯಂತ್ರದಿಂದ ವಿದ್ಯುತ್ ಕೊಟ್ಟರು.

ಯಂತ್ರ ಒಮ್ಮೆ ಹತ್ತಿಕೊಂಡರೆ ತೊಂದರೆ ಕಡಿಮೆ. ಅಪಾಯವೆಲ್ಲ ಹಚ್ಚುವಾಗಿನ ಮೊದಲ ಅರ್ಧ ಗಂಟೆಯಲ್ಲಿದೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಮಳೆ ಬಂದೀತೆಂಬ ಅವಸರದಲ್ಲಿ, ಬ್ಲೋವರ್ ಹಾಕುವ ಮೊದಲೇ ಮುಚ್ಚಳ ತೆಗೆದು ಪಂಜು ಇಳಿಸುವಂತೆ ನಮ್ಮ ಆಳಿಗೆ ಹೇಳಿದೆ. ಹಿಂದಿನ ರಾತ್ರಿಯ ಇದ್ದಿಲು ಒಳಗೆ ಇನ್ನೂ ಜೀವ ಹಿಡಿದಿತ್ತು. ಢಬ್ಬೆಂದು ಉರಿ ಮೇಲೆದ್ದು ಅವನ ಮುಂಗೈ, ಹುಬ್ಬು ಸುಟ್ಟವು. ಕಣ್ಣು ಉಳಿದದ್ದು ದೈವದ ದಯೆ. ತಪ್ಪು ಅವನದಲ್ಲ, ನನ್ನದು.

ಒಳಗೆ ನಡೆಯುವುದೇನು? ಸಾಕಷ್ಟು ಗಾಳಿ ಕೊಡದೆ ಸೌದೆಯನ್ನು ಅರೆಬರೆ ಸುಟ್ಟಾಗ ಬರುವ ಹೊಗೆ, ಕೆಂಡವಾದ ಇದ್ದಿಲಿನ ಹಾಸಿನ ಮೂಲಕ ಹಾಯುವಾಗ ಉರಿಯುವ ಗ್ಯಾಸಾಗಿ ಬದಲಾಗುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ತಲಾ ಸುಮಾರು ಶೇ. 20ರ ಆಸುಪಾಸು, ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಾರಜನಕ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಗಾಳಿಯಲ್ಲಿ ಶೇ. 12.5ರಿಂದ 74ರವರೆಗೆ ಬೆರೆತಾಗ ಕಿಡಿ ತಗುಲಿದರೆ ಸಿಡಿಯುತ್ತದೆ. ಕೊಲ್ಲುವ ದಾರಿ ಎರಡು ಎಂದಾಯಿತು.

ಹಚ್ಚುವ ಕ್ರಮ ಹೀಗಿರಲಿ:

1. ಶೆಡ್ಡಿನ ಬಾಗಿಲು, ಕಿಟಕಿ ಎಲ್ಲ ತೆರೆಯಿರಿ. ಇಬ್ಬರು ಇರಲೇಬೇಕು, ಒಬ್ಬನೇ ಹಚ್ಚಕೂಡದು.

2. ಯಂತ್ರದ ಮೈ ಮುಟ್ಟಿ ನೋಡಿ. ರಾತ್ರಿಯೆಲ್ಲ ಮುಚ್ಚಿಟ್ಟರೂ ಕೆಂಡ ಉಳಿದಿರಬಹುದು. ಬೆಚ್ಚಗಿದ್ದರೆ ಮುಚ್ಚಳ ತೆಗೆಯದೆ ಬ್ಲೋವರ್ ಹಾಕಿ, ಗ್ಯಾಸನ್ನು ಹೊರ ಚಿಮಣಿಗೆ ಬಿಟ್ಟು 7ನೇ ಕ್ರಮಕ್ಕೆ ಹೋಗಿ.

3. ತಣ್ಣಗಿದ್ದರೆ ಬೂದಿ ತೆಗೆದು, ನೀರಿನ ಸೀಲಿಗೆ ನೀರು ತುಂಬಿ. ಗಾಳಿ ಮೂತಿಗಳು ಮುಚ್ಚುವಷ್ಟು ಇದ್ದಿಲು ಹಾಕಿ. ಇದ್ದಿಲಿಲ್ಲದೆ ಬರೀ ಸೌದೆಯಿಂದ ಹಚ್ಚಿದರೆ ಡಾಂಬರು ಬಂದು ಪೈಪು, ವಾಲ್ವು ಕಟ್ಟಿಕೊಳ್ಳುತ್ತವೆ.

4. ಮೇಲೆ ಒಣಸೌದೆಯ ತುಂಡು ತುಂಬಿ. ತೇವ ಶೇ. 20 ಮೀರಕೂಡದು. ಹಸಿ ಸೌದೆಯಿಂದ ಬರುವುದು ಗ್ಯಾಸಲ್ಲ, ಬರೀ ಹೊಗೆ. ಮುಚ್ಚಳ ಹಾಕಿ.

5. ಬ್ಲೋವರ್ ಹಾಕಿ, ಹೊರ ಚಿಮಣಿಯ ಮತ್ತು ಒಲೆಯ ವಾಲ್ವು ಎರಡನ್ನೂ ತೆರೆದು ಐದು ನಿಮಿಷ ಬಿಡಿ. ಪೈಪಿನಲ್ಲಿ ನಿಂತ ಹಳೆಯ ಗ್ಯಾಸು ಹೋಗಲಿ. ಈ ವೇಳೆ ಹತ್ತಿರ ಬೀಡಿ, ದೀಪ ಯಾವುದೂ ಬೇಡ. ನಂತರ ಒಲೆಯ ವಾಲ್ವು ಮುಚ್ಚಿ.

6. ಉದ್ದ ಹಿಡಿಕೆಯ ಪಂಜನ್ನು ಗಾಳಿ ಮೂತಿಗೆ ಹಿಡಿಯಿರಿ. ಬ್ಲೋವರ್ ಉರಿಯನ್ನು ಒಳಗೆಳೆಯುತ್ತದೆ. ಪಕ್ಕಕ್ಕೆ ನಿಂತು ಹಚ್ಚಿ, ಮೂತಿಯೊಳಗೆ ಇಣುಕಬೇಡಿ. ಸೀಮೆಎಣ್ಣೆ, ಪೆಟ್ರೋಲನ್ನು ಒಳಗೆ ಸುರಿಯಲೇಕೂಡದು.

7. ಮೊದಲು ದಟ್ಟ ಬಿಳಿ ಹೊಗೆ ಬರುತ್ತದೆ. ಹತ್ತಿಪ್ಪತ್ತು ನಿಮಿಷದಲ್ಲಿ ಅದು ತೆಳುವಾಗುತ್ತದೆ. ಆಗ ಚಿಮಣಿಯ ತುದಿಗೆ ಪಂಜು ಹಿಡಿದು ನೋಡಿ. ಪಂಜು ತೆಗೆದ ಮೇಲೂ ಉರಿ ನಿಂತರೆ ಗ್ಯಾಸು ಸರಿಯಾಗಿದೆ.

8. ಈಗ ಒಲೆಯಲ್ಲಿ ಸಣ್ಣ ಬೆಂಕಿ ಮಾಡಿ, ಆಮೇಲೆ ವಾಲ್ವನ್ನು ನಿಧಾನ ತೆರೆಯಿರಿ. ಉರಿ ಆರಿದರೆ ತಕ್ಷಣ ವಾಲ್ವು ಮುಚ್ಚಿ, ಗ್ಯಾಸನ್ನು ಚಿಮಣಿಗೆ ತಿರುಗಿಸಿ. ಒಲೆಯೊಳಗೆ ಗಾಳಿಯಾಡಿದ ಮೇಲೆಯೇ ಮತ್ತೆ ಹಚ್ಚಿ.

ನೆನಪಿಗೆ ಒಂದೇ ಮಾತು: ಯಂತ್ರಕ್ಕೆ ಗಾಳಿ ಮೊದಲು, ಬೆಂಕಿ ಆಮೇಲೆ, ಒಲೆಗೆ ಬೆಂಕಿ ಮೊದಲು, ಗ್ಯಾಸು ಆಮೇಲೆ. ಇದನ್ನು ಶೆಡ್ಡಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿಡುವುದು ಒಳ್ಳೆಯದು.

ಇನ್ನೊಂದು ವಿಷಯ. ಬ್ಲೋವರಿನ ಹಿಂದಿನ ಪೈಪಿನಲ್ಲಿ ತೂತಿದ್ದರೆ ಗಾಳಿ ಒಳಗೆ ಹೋಗುತ್ತದೆ. ಮುಂದಿನ ಪೈಪಿನಲ್ಲಿದ್ದರೆ ವಿಷಗ್ಯಾಸು ಶೆಡ್ಡಿಗೆ ಬರುತ್ತದೆ. ಹಂಗಾಮಿಗೆ ಮುನ್ನ, ಬರೀ ಬ್ಲೋವರ್ ಓಡಿಸಿ, ಮುಂದಿನ ಕೂಡುಗಳಿಗೆ ಸಾಬೂನು ನೀರು ಹಚ್ಚಿ ನೊರೆ ಏಳುವುದೇ ನೋಡಿ. ಚಳಿಯೆಂದು ಆಳುಗಳು ಯಂತ್ರದ ಬಳಿ ಮಲಗಲು ಬಿಡಬೇಡಿ. ಯಾರಿಗಾದರೂ ತಲೆನೋವು, ವಾಕರಿಕೆ, ತಲೆ ಸುತ್ತು ಬಂದರೆ ದಣಿವೆಂದು ತಳ್ಳಿಹಾಕದೆ ಕೂಡಲೇ ಬಯಲಿಗೆ ಕರೆತಂದು, 108ಕ್ಕೆ ಫೋನು ಮಾಡಿ, ಸೌದೆ ಗ್ಯಾಸು ಕುಡಿದದ್ದೆಂದು ಡಾಕ್ಟರಿಗೆ ತಿಳಿಸಿ.

ಒಂದು ದಿನ ತಡವಾದರೆ ಮಾಲಿನ ದರ್ಜೆ ಇಳಿದೀತು, ಅಷ್ಟೇ. ಆಳಿನ ಕಣ್ಣು ಹೋದರೆ ಯಾವ ಧಾರಣೆಯೂ ತಂದುಕೊಡಲಾರದು.

— ಕಾರ್ಯದರ್ಶಿ