ಹವಾನಾ ಸಿಗಾರ್: ಪೆಟ್ಟಿಗೆ ಅಸಲಿ, ಸರಕು ನಕಲಿ

ಯಾವುದೇ ಸರಕಿಗೆ ಮಾರುಕಟ್ಟೆಯಲ್ಲಿ ಹೆಸರು ಬಂದೊಡನೆ ಅದರ ಬೆನ್ನಿಗೇ ನಕಲಿಯೂ ಹುಟ್ಟಿಕೊಳ್ಳುತ್ತದೆ ಎಂಬುದು ವರ್ತಕರಿಗೆ ಹೊಸ ಸಂಗತಿಯೇನಲ್ಲ. ಆದರೆ ಸರಕಿನ ತವರೂರಿನಲ್ಲಿಯೇ, ಅಸಲಿ ಅಂಗಡಿಯಿಂದ ಕೂಗಳತೆಯ ದೂರದಲ್ಲಿಯೇ ಅದರ ನಕಲಿ ಎಗ್ಗಿಲ್ಲದೆ ಮಾರಾಟವಾಗುವುದು ಅಪರೂಪ. ಕ್ಯೂಬಾ ದೇಶದ ರಾಜಧಾನಿ ಹವಾನಾದಲ್ಲಿ ನಡೆಯುವ ಸಿಗಾರ್ ವಹಿವಾಟು ಅಂಥದೊಂದು ನಿದರ್ಶನ. ಪ್ರವಾಸಿಗಳನ್ನೇ ನಂಬಿ ನಡೆಯುವ ಈ ವಂಚನೆಯ ತಯಾರಿಕೆ, ಮಾರಾಟ ಹಾಗೂ ತಡೆಯ ವಿಧಾನಗಳು ಹೆಸರುವಾಸಿ ಸರಕನ್ನು ತಯಾರಿಸುವ ಪ್ರತಿಯೊಬ್ಬ ಉದ್ಯಮಿಯೂ ಗಮನಿಸಬೇಕಾದಂಥವು.

ಹೆಸರಿನ ಹಿನ್ನೆಲೆ

ಕ್ಯೂಬಾದ ಪಶ್ಚಿಮ ತುದಿಯಲ್ಲಿರುವ ಪಿನಾರ್ ದೆಲ್ ರಿಯೊ ಪ್ರಾಂತ್ಯದ ವುಯೆಲ್ತಾ ಅಬಾಹೊ ಪ್ರದೇಶದ ಮಣ್ಣು ಮತ್ತು ಹವೆ ತಂಬಾಕು ಬೆಳೆಗೆ ಜಗತ್ಪ್ರಸಿದ್ಧವಾದವು. 1960ರಲ್ಲಿ ಅಲ್ಲಿನ ಕ್ರಾಂತಿ ಸರ್ಕಾರ ಸಿಗಾರ್ ಉದ್ಯಮವನ್ನು ರಾಷ್ಟ್ರೀಕರಿಸಿತು. 1962ರಲ್ಲಿ ಅಮೆರಿಕವು ಕ್ಯೂಬಾದ ಮೇಲೆ ವ್ಯಾಪಾರ ದಿಗ್ಬಂಧನ ಹೇರಿತು. ನಿಷೇಧವು ಸರಕಿನ ಬೇಡಿಕೆಯನ್ನು ಕುಗ್ಗಿಸುವ ಬದಲು ಅದರ ಆಕರ್ಷಣೆಯನ್ನೇ ಹೆಚ್ಚಿಸಿತು.

ರಫ್ತಿನ ಹೊಣೆ ಹೊತ್ತಿರುವ ಹಬಾನೋಸ್ ಸಂಸ್ಥೆ 1994ರಲ್ಲಿ ಸ್ಥಾಪನೆಯಾಯಿತು. ಅದರ ಅರ್ಧ ಪಾಲು ಕ್ಯೂಬಾ ಸರ್ಕಾರದ್ದು, ಉಳಿದರ್ಧ ವಿದೇಶಿ ಹೂಡಿಕೆದಾರರದು. 2024ರಲ್ಲಿ ಸಂಸ್ಥೆಯು ಪ್ರಕಟಿಸಿದ ವಹಿವಾಟು ಸುಮಾರು 82 ಕೋಟಿ 70 ಲಕ್ಷ ಡಾಲರ್. ಅದರ ಬ್ರಾಂಡುಗಳಲ್ಲಿ ಮುಂಚೂಣಿಯಲ್ಲಿರುವುದು ಕೊಹೀಬಾ. 1966ರಲ್ಲಿ ಫಿಡೆಲ್ ಕ್ಯಾಸ್ಟ್ರೊ ಅವರ ಬಳಕೆಗಾಗಿ ಹಾಗೂ ವಿದೇಶಿ ಗಣ್ಯರಿಗೆ ಉಡುಗೊರೆ ನೀಡಲೆಂದು ಆರಂಭವಾದ ಈ ಸಿಗಾರ್ 1982ರಲ್ಲಿ ಸಾರ್ವಜನಿಕ ಮಾರುಕಟ್ಟೆಗೆ ಬಂದಿತು. ನಕಲು ಮಾಡುವವರಿಗೂ ಇದೇ ಅಚ್ಚುಮೆಚ್ಚು. 2022ರಲ್ಲಿ ಸಂಸ್ಥೆಯು ಕೊಹೀಬಾ ಮತ್ತು ತ್ರಿನಿದಾದ್ ಬ್ರಾಂಡುಗಳ ಬೆಲೆಯನ್ನು ಜಗತ್ತಿನಾದ್ಯಂತ ಏಕರೂಪಗೊಳಿಸಿದಾಗ ಹಲವು ದೇಶಗಳಲ್ಲಿ ದರ ದುಪ್ಪಟ್ಟಿಗೂ ಮೀರಿ ಏರಿತು. ಅಸಲಿಯ ಬೆಲೆ ಏರಿದಷ್ಟೂ ನಕಲಿಯ ಲಾಭಕ್ಕೆ ಎಡೆ ಹೆಚ್ಚು.

ಅಸಲಿಗೆ ತಗಲುವ ಶ್ರಮ

ಬೀಡಿ ಸುತ್ತುವವರ ಕೈಚಳಕವನ್ನು ಬಲ್ಲವರಿಗೆ ಸಿಗಾರ್ ತಯಾರಿಕೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಆದರೆ ಸಿಗಾರ್‌ನಲ್ಲಿ ಒಳಗಿನ ತಿರುಳಿನಿಂದ ಹಿಡಿದು ಹೊರಗಿನ ಹೊದಿಕೆಯವರೆಗೆ ಎಲ್ಲವೂ ತಂಬಾಕಿನ ಎಲೆಯೇ. ಹೊರ ಹೊದಿಕೆಯ ಎಲೆಯನ್ನು ಬಿಸಿಲು ನೇರವಾಗಿ ತಾಗದಂತೆ ಬಟ್ಟೆಯ ಚಪ್ಪರದಡಿ ಬೆಳೆಸುತ್ತಾರೆ. ತಿರುಳಿಗೆ ಗಿಡದ ಬೇರೆ ಬೇರೆ ಎತ್ತರದಿಂದ ಆಯ್ದ ಎಲೆಗಳನ್ನು ಹದವರಿತು ಬೆರೆಸುತ್ತಾರೆ. ಒಣಗಿಸಿ, ರಾಶಿ ಹಾಕಿ, ಹುದುಗು ಬರಿಸಿ, ಮಾಗಿಸುವ ಕ್ರಿಯೆಗೆ ಎಲೆಯ ದರ್ಜೆಗೆ ತಕ್ಕಂತೆ ತಿಂಗಳುಗಳಿಂದ ವರ್ಷಗಳವರೆಗೆ ಕಾಲ ಹಿಡಿಯುತ್ತದೆ. ಕೊಹೀಬಾಕ್ಕೆ ಬಳಸುವ ಕೆಲವು ಎಲೆಗಳಿಗೆ ಮೂರನೆಯ ಬಾರಿಯೂ ಹುದುಗು ಬರಿಸುತ್ತಾರೆ.

ಎಲೆಗಳನ್ನು ತುಂಡು ಮಾಡದೆ ಉದ್ದಕ್ಕೆ ಜೋಡಿಸಿ ಕೈಯಿಂದಲೇ ಸುತ್ತುವುದು ನುರಿತ ಕುಶಲಕರ್ಮಿಗಳ ಕೆಲಸ. ಸುತ್ತಿದ ಮೇಲೆ ತೂಕ, ಅಳತೆ ಹಾಗೂ ಹೊಗೆ ಎಳೆಯುವ ಸರಾಗತೆಯ ಪರೀಕ್ಷೆ ನಡೆಯುತ್ತದೆ. ಬಳಿಕ ಬಣ್ಣದ ಛಾಯೆಗೆ ಅನುಗುಣವಾಗಿ ವಿಂಗಡಿಸಿ, ಎಡಗಡೆಯ ಗಾಢ ಬಣ್ಣದಿಂದ ಬಲಗಡೆಯ ತಿಳಿ ಬಣ್ಣಕ್ಕೆ ಬರುವಂತೆ ಪೆಟ್ಟಿಗೆಯಲ್ಲಿ ಜೋಡಿಸುತ್ತಾರೆ. ಹುಳು ಬೀಳದಂತೆ ಶೈತ್ಯ ಸಂಸ್ಕರಣೆಯನ್ನೂ ಮಾಡಲಾಗುತ್ತದೆ.

ನಕಲಿಯ ತಯಾರಿಕೆ

ನಕಲಿ ತಯಾರಕನು ಕತ್ತರಿ ಹಾಕುವುದು ಕಾಲ ಮತ್ತು ಎಲೆ ಎರಡಕ್ಕೂ. ಮಾಗದ ಎಲೆ, ಕಾರ್ಖಾನೆಯಲ್ಲಿ ಉಳಿದ ಚೂರು, ತಿರಸ್ಕೃತ ಎಲೆಗಳೇ ಅವನ ಕಚ್ಚಾ ಮಾಲು. ತೀರ ಕೆಳದರ್ಜೆಯವುಗಳಲ್ಲಿ ಬಾಳೆ ಎಲೆಯನ್ನು ಬೆರೆಸುವುದೂ ಉಂಟು. ಕೆಲಸ ನಡೆಯುವುದು ಮನೆಗಳ ಒಳಕೋಣೆಗಳಲ್ಲಿ. ಸುತ್ತುವವರು ಕೆಲವೊಮ್ಮೆ ಕಾರ್ಖಾನೆಯಲ್ಲಿ ದುಡಿದು ಪಳಗಿದವರೇ ಆಗಿರುವುದರಿಂದ ಹೊರನೋಟಕ್ಕೆ ಸರಕು ಲಕ್ಷಣವಾಗಿಯೇ ಕಾಣುತ್ತದೆ. ಸರ್ಕಾರಿ ಸಂಬಳದಲ್ಲಿ ತಿಂಗಳು ತಳ್ಳುವುದೇ ದುಸ್ತರವಾಗಿರುವ ದೇಶದಲ್ಲಿ, ಪ್ರವಾಸಿಯೊಬ್ಬ ಒಂದು ಪೆಟ್ಟಿಗೆಗೆ ಕೊಡುವ ಡಾಲರು ತಿಂಗಳ ಸಂಬಳವನ್ನೇ ಮೀರಿಸಬಲ್ಲದು. ಈ ಕಾರ್ಯದಲ್ಲಿ ತೊಡಗಿದವರೆಲ್ಲರೂ ಹುಟ್ಟು ವಂಚಕರಲ್ಲ ಎಂಬುದನ್ನು ಮರೆಯುವಂತಿಲ್ಲ.

ನಕಲಿಯ ನಿಜವಾದ ಬಂಡವಾಳ ಎಲೆಯಲ್ಲ, ಹೊದಿಕೆ. ಪೆಟ್ಟಿಗೆ, ಕೊರಳ ಪಟ್ಟಿ, ಮೊಹರುಗಳಲ್ಲಿ ಕೆಲವನ್ನು ಗುಟ್ಟಾಗಿ ಮುದ್ರಿಸಲಾಗುತ್ತದೆ. ಕೆಲವು ಅಸಲಿ ಕಾರ್ಖಾನೆಗಳಿಂದಲೇ ಹೊರಗೆ ಸಾಗುತ್ತವೆ. ಹೀಗಾಗಿ ಅಸಲಿ ಪೆಟ್ಟಿಗೆಯೊಳಗೆ ನಕಲಿ ಸಿಗಾರ್ ಕುಳಿತಿರುವ ಸಂದರ್ಭಗಳಲ್ಲಿ ಪೆಟ್ಟಿಗೆಯನ್ನಷ್ಟೇ ಪರೀಕ್ಷಿಸಿದ ಗ್ರಾಹಕ ಸುಲಭವಾಗಿ ಮೋಸ ಹೋಗುತ್ತಾನೆ.

ಮಾರಾಟವಾಗುವುದು ಕಥೆ

ಹವಾನಾದ ಬೀದಿಗಳಲ್ಲಿ ಪ್ರವಾಸಿಗಳ ಬೆನ್ನು ಹತ್ತುವ ದಲ್ಲಾಳಿಗಳನ್ನು ಸ್ಥಳೀಯರು ಹಿನೆತೆರೋ ಎಂದು ಕರೆಯುತ್ತಾರೆ. ಯಾವ ದೇಶದವರೆಂಬ ಕುಶಲ ಪ್ರಶ್ನೆಯೊಂದಿಗೆ ಮಾತು ಆರಂಭವಾಗುತ್ತದೆ. ತನ್ನ ಅಣ್ಣನೋ ಚಿಕ್ಕಪ್ಪನೋ ಕಾರ್ಖಾನೆಯಲ್ಲಿದ್ದಾನೆ, ಕಾರ್ಮಿಕರಿಗೆ ಸಿಗಾರ್ ಕೊಡುತ್ತಾರೆ, ಅದನ್ನೇ ಅಗ್ಗಕ್ಕೆ ಮಾರುತ್ತಾನೆ ಎಂಬುದು ಮೊದಲ ಕಥೆ. ಇಂದು ಕಾರ್ಮಿಕರ ಸಹಕಾರ ಸಂಘದ ವಿಶೇಷ ದಿನ, ಈ ದಿನ ಮಾತ್ರ ಅರ್ಧ ಬೆಲೆ ಎಂಬುದು ಎರಡನೆಯ ಕಥೆ. ಆ ವಿಶೇಷ ದಿನ ವರ್ಷದ ಪ್ರತಿದಿನವೂ ಬರುತ್ತದೆ!

ಈ ಕಥೆಗಳ ಬಲವಿರುವುದು ಅವುಗಳಲ್ಲಿರುವ ಅಲ್ಪ ಸತ್ಯದಲ್ಲಿ. ಕಾರ್ಮಿಕರಿಗೆ ಸ್ವಂತ ಬಳಕೆಗೆಂದು ಕೆಲವು ಸಿಗಾರ್ ದೊರೆಯುವುದು ನಿಜ. ಆದರೆ ಮೊಹರು ಹಾಕಿದ ಕೊಹೀಬಾ ಪೆಟ್ಟಿಗೆಗಳು ಹಾಗೆ ದೊರೆಯುವುದಿಲ್ಲ. ಪ್ರವಾಸಿಯನ್ನು ಮಹಡಿಯ ಮನೆಯೊಂದಕ್ಕೆ ಕರೆದೊಯ್ದು, ಕಾಫಿ ಕೊಟ್ಟು, ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದು ತೋರಿಸುತ್ತಾರೆ. ಅಂಗಡಿಯ ದರವನ್ನು ಮೊದಲು ಹೇಳಿ, ಚೌಕಾಶಿಯಲ್ಲಿ ಸೋತವರಂತೆ ನಟಿಸುತ್ತ ಅದರ ಸಣ್ಣ ಭಾಗಕ್ಕೆ ಇಳಿಯುತ್ತಾರೆ. ತಾನೇ ಗೆದ್ದೆನೆಂಬ ಸಂತೋಷದಲ್ಲಿ ಗಿರಾಕಿ ಹಣ ಎಣಿಸುತ್ತಾನೆ.

ವಂಚನೆ ಬಯಲಾಗುವುದು ತಡವಾಗಿ. ಬಹುಪಾಲು ಪ್ರವಾಸಿಗಳು ನಿತ್ಯ ಸಿಗಾರ್ ಸೇದುವವರಲ್ಲ. ಅಸಲಿಯ ರುಚಿ ಅವರಿಗೆ ತಿಳಿಯದು. ಪೆಟ್ಟಿಗೆ ಉಡುಗೊರೆಯಾಗಿ ಕೈ ಬದಲಾಗಿ, ತಿಂಗಳುಗಳ ನಂತರ ಬೇರೊಂದು ದೇಶದಲ್ಲಿ ತೆರೆಯಲ್ಪಡುತ್ತದೆ. ಅಷ್ಟರಲ್ಲಿ ಶೈತ್ಯ ಸಂಸ್ಕರಣೆ ಕಾಣದ ಎಲೆಯಲ್ಲಿ ಹುಳು ಹುಟ್ಟಿ ತೂತು ಕೊರೆದಿರುವುದೂ ಉಂಟು. ಅಮೆರಿಕನ್ನರ ಪಾಡು ಇನ್ನೂ ವಿಚಿತ್ರ. 2015ರಲ್ಲಿ ಮಿತ ಪ್ರಮಾಣದಲ್ಲಿ ತರಲು ಅವರಿಗೆ ಅನುಮತಿ ದೊರೆತು, 2016ರಲ್ಲಿ ಅದು ಇನ್ನಷ್ಟು ಸಡಿಲಗೊಂಡರೂ 2020ರಲ್ಲಿ ಮತ್ತೆ ನಿಷೇಧ ಜಾರಿಯಾಯಿತು. ಕಾನೂನು ಮೀರಿ ತಂದ ಸರಕು ನಕಲಿಯೆಂದು ಯಾರ ಮುಂದೆ ದೂರುವುದು?

ಗುರುತಿಸುವ ಬಗೆ

ಕ್ಯೂಬಾದ ಸಿಗಾರ್ ಪೆಟ್ಟಿಗೆಗಳಿಗೆ ಸರ್ಕಾರಿ ಖಾತರಿಯ ಹಸಿರು ಮೊಹರನ್ನು ಅಂಟಿಸುವ ಪದ್ಧತಿ 1912ರಷ್ಟು ಹಿಂದಿನ ಕಾನೂನಿನಿಂದ ಬಂದುದು. 2010ರಲ್ಲಿ ಅದಕ್ಕೆ ಹಾಲೋಗ್ರಾಂ ಮತ್ತು ಬಾರ್‌ಕೋಡ್ ಸೇರಿಸಿ, ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಪರಿಶೀಲಿಸುವ ವ್ಯವಸ್ಥೆ ಮಾಡಲಾಯಿತು. ಪೆಟ್ಟಿಗೆಯ ತಳದಲ್ಲಿ ಸಂಸ್ಥೆಯ ಹೆಸರು, ಕ್ಯೂಬಾದಲ್ಲಿ ಸಂಪೂರ್ಣ ಕೈಯಿಂದ ತಯಾರಾದುದೆಂಬ ಸುಟ್ಟ ಅಚ್ಚು, ಜೊತೆಗೆ ಕಾರ್ಖಾನೆಯ ಸಂಕೇತ ಹಾಗೂ ತಿಂಗಳು-ವರ್ಷದ ಮುದ್ರೆ ಇರುತ್ತವೆ.

ಸರಕೂ ತನ್ನ ಸಾಕ್ಷ್ಯವನ್ನು ತಾನೇ ನುಡಿಯುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಬಣ್ಣಗಳು ಅಸ್ತವ್ಯಸ್ತವಾಗಿದ್ದರೆ, ಉದ್ದ ಹೆಚ್ಚುಕಡಿಮೆಯಾಗಿದ್ದರೆ, ಪಟ್ಟಿಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ, ಕತ್ತರಿಸಿದ ತುದಿಯಿಂದ ಚೂರು ಉದುರಿದರೆ ಸಂಶಯಪಡಬೇಕು. ಕೆರಿಬಿಯನ್ ಕಡಲತೀರದ ಪ್ರವಾಸಿ ಊರುಗಳಲ್ಲಿ ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿ ಕೊಹೀಬಾ ಮಾರುತ್ತಾರೆ. ಕೊಹೀಬಾ ಎಂದೂ ಅಂಥ ಪೆಟ್ಟಿಗೆಯಲ್ಲಿ ಬಂದಿಲ್ಲವಾದ್ದರಿಂದ ಅದನ್ನು ತೆರೆದು ನೋಡುವ ಅಗತ್ಯವೇ ಇಲ್ಲ.

ಆದರೂ ಇವೆಲ್ಲಕ್ಕಿಂತ ಭದ್ರವಾದುದು ಮಾರಾಟದ ಸ್ಥಳ. ಲಾ ಕಾಸಾ ದೆಲ್ ಹಬಾನೊ ಎಂಬ ಹೆಸರಿನ ಅಧಿಕೃತ ಮಳಿಗೆಗಳು 1990ರಿಂದ ಹಲವು ದೇಶಗಳಲ್ಲಿ ನಡೆಯುತ್ತಿವೆ. ಅಲ್ಲಿ ಖರೀದಿಸಿದವನ ಕೈಯಲ್ಲಿ ರಸೀದಿ ಇರುತ್ತದೆ. ಕ್ಯೂಬಾದ ಕಸ್ಟಮ್ಸ್ ತಪಾಸಣೆಯಲ್ಲಿ ಆ ರಸೀದಿಯೇ ರಕ್ಷಣೆ.

ಉದ್ಯಮಿಗಳಿಗೆ ಪಾಠ

ಈ ಸಮಸ್ಯೆ ಕ್ಯೂಬಾಕ್ಕೆ ಸೀಮಿತವಲ್ಲ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪು ತಯಾರಿಸುತ್ತಿದ್ದ ಜಾಲ ಪತ್ತೆಯಾಗಿ ಸುಮಾರು 2 ಕೋಟಿ ರೂಪಾಯಿ ಮೌಲ್ಯದ ಸರಕು ವಶವಾಯಿತು. ಮೈಸೂರು ರೇಷ್ಮೆಯ ಹೆಸರಿನಲ್ಲಿ ಪ್ರವಾಸಿಗಳಿಗೆ ಬೇರೆ ಬಟ್ಟೆ ಮಾರುವ ದೂರು ಹಳೆಯದು. ರಾಜ್ಯದ ರೇಷ್ಮೆ ಉದ್ಯಮಗಳ ನಿಗಮವು ತನ್ನ ಸೀರೆಗಳಲ್ಲಿ ಸಂಕೇತ ಸಂಖ್ಯೆಯನ್ನು ಮೂಡಿಸಿ ಹಾಲೋಗ್ರಾಂ ಅಂಟಿಸುತ್ತಿರುವುದು ಈ ಕಾರಣಕ್ಕಾಗಿಯೇ. 1999ರ ಭೌಗೋಳಿಕ ಸೂಚಕಗಳ ಕಾಯಿದೆ 2003ರಲ್ಲಿ ಜಾರಿಗೆ ಬಂದಿದ್ದು, ಸುಳ್ಳು ಸೂಚಕ ಬಳಸಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ.

ಕಾನೂನಿನ ನೆರವು ಅಗತ್ಯವಾದರೂ ಅದು ಬರುವುದು ನಷ್ಟವಾದ ಮೇಲೆ. ಹವಾನಾದ ಅನುಭವವು ಅದಕ್ಕೂ ಮುಂಚಿನ ಮೂರು ಎಚ್ಚರಿಕೆಗಳನ್ನು ಸೂಚಿಸುತ್ತದೆ. ಮೊದಲನೆಯದು, ಮುದ್ರಿತ ಪೆಟ್ಟಿಗೆ, ಚೀಟಿ, ಮೊಹರುಗಳನ್ನು ನೋಟುಗಳಂತೆಯೇ ಎಣಿಸಿ ಲೆಕ್ಕವಿಡಬೇಕು. ಹಾಳಾದವನ್ನು ಕಣ್ಣೆದುರೇ ನಾಶಪಡಿಸಬೇಕು. ಎರಡನೆಯದು, ಅಧಿಕೃತ ಮಾರಾಟಗಾರರ ಪಟ್ಟಿಯನ್ನು ಗ್ರಾಹಕರಿಗೆ ಸುಲಭವಾಗಿ ಸಿಗುವಂತೆ ಪ್ರಕಟಿಸಬೇಕು. ಮೂರನೆಯದು, ಅಸಲಿ ಸರಕು ಇಷ್ಟು ಬೆಲೆಗಿಂತ ಕಡಿಮೆಗೆ ಸಿಗಲಾರದೇಕೆ ಎಂಬುದನ್ನು ತಯಾರಿಕೆಯ ಶ್ರಮ ಸಹಿತ ಗ್ರಾಹಕನಿಗೆ ವಿವರಿಸಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಹಾಲಿನ ರುಚಿ ಬಲ್ಲವನಿಗೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಆ ರುಚಿಯನ್ನು ಗ್ರಾಹಕನಿಗೆ ಪರಿಚಯಿಸುವ ಹೊಣೆ ತಯಾರಕನದು. ಅವನು ಸುಮ್ಮನಿದ್ದರೆ ಅವನ ಸರಕಿನ ಕಥೆಯನ್ನು ಬೀದಿಯ ದಲ್ಲಾಳಿಯೇ ಹೇಳುತ್ತಾನೆ, ಅದರ ಬೆಲೆಯನ್ನೂ ಅವನೇ ಪಡೆಯುತ್ತಾನೆ.