ಈಡು ತುಂಬಿದ ಕೋವಿ

ಬೇಟೆಯ ಸಾಹಿತ್ಯವನ್ನು ಪ್ರೀತಿಯಿಂದ ಓದುವವರಲ್ಲಿ ನಾನೂ ಒಬ್ಬ. ಆ ಕಥೆಗಳಲ್ಲಿ ನಮ್ಮ ಕಣ್ಣೆಲ್ಲ ಹುಲಿಯ ಮೇಲೆ. ಕೋವಿಯ ಬಾಯಿ ಯಾವ ಕಡೆಗಿದೆಯೆಂದು ನಾವು ನೋಡುವುದಿಲ್ಲ. ಆದರೆ ಕಾಲ್ನಡೆಯ ಬೇಟೆಗಾರನಿಗೆ ಗುಂಡು ಹಾರಿಸುವುದು ಒಂದು ಕ್ಷಣದ ಕೆಲಸ. ಈಡು ತುಂಬಿದ ಕೋವಿಯನ್ನು ಹಿಡಿದು ನಡೆಯುವುದು ಗಂಟೆಗಟ್ಟಲೆಯ ಕೆಲಸ. ಅವನ ಯೋಗ್ಯತೆಯನ್ನು ಅಳೆಯಬೇಕಾದದ್ದು ಈ ನಡಿಗೆಯಲ್ಲಿಯೇ ಎಂದು ನನ್ನ ನಂಬಿಕೆ.

ಬಲ್ಲವರು ವಿಧಿಸಿದ ನಿಯಮಗಳು ಕೆಲವೇ. ಕೋವಿಯ ಬಾಯಿ ಎಂದಿಗೂ ಮನುಷ್ಯನತ್ತ ತಿರುಗಬಾರದು. ಬೆರಳು ಕುದುರೆಯಿಂದ ದೂರವಿರಬೇಕು. ಸಾಲಾಗಿ ನಡೆವಾಗ ಹಿಂದಿನವನ ಕೋವಿ ಮುಂದಿನವನ ಬೆನ್ನನ್ನು ನೋಡಬಾರದು. ಬೇಲಿ ದಾಟುವಾಗ, ಹಳ್ಳವಿಳಿಯುವಾಗ, ಮರವೇರುವಾಗ ತೋಟಾಗಳನ್ನು ಹೊರತೆಗೆಯಬೇಕು. ಜಾರಿಬಿದ್ದರೆ, ಈಡು ತೆಗೆದು, ನಳಿಗೆಯೊಳಗೆ ಮಣ್ಣು ಹೊಕ್ಕಿದೆಯೇ ಎಂದು ಪರೀಕ್ಷಿಸಬೇಕು. ಮಣ್ಣು ಕಟ್ಟಿದ ನಳಿಗೆ ಹಾರಿಸಿದವನ ಕೈಯಲ್ಲೇ ಸಿಡಿಯಬಲ್ಲದು. ಸೇಫ್ಟಿ ಕ್ಯಾಚ್ ಇದೆಯಲ್ಲ ಎನ್ನಬಹುದು. ಅದೂ ಯಂತ್ರದ ಒಂದು ತುಣುಕೇ. ಸವೆಯುತ್ತದೆ, ಪೊದೆಯ ಕಡ್ಡಿ ತಗುಲಿ ಸರಿಯುತ್ತದೆ. ಅದು ಕೈಕೊಟ್ಟಾಗಲೂ ಕೋವಿಯ ಬಾಯಿ ಯಾರ ಕಡೆಗೂ ಇಲ್ಲದಿದ್ದರೆ, ವ್ಯರ್ಥವಾಗುವುದು ಒಂದು ತೋಟಾ ಮಾತ್ರ.

ಜಿಮ್ ಕಾರ್ಬೆಟ್ 1944ರಲ್ಲಿ ಪ್ರಕಟಿಸಿದ ಕುಮಾವೂಂ ನರಭಕ್ಷಕಗಳ ಕಥೆಗಳಲ್ಲಿ ಒಂದು ಪ್ರಸಂಗವಿದೆ. 1930ರ ಏಪ್ರಿಲ್ 11ರಂದು ಚೌಗಢದ ಹೆಣ್ಣುಹುಲಿಯನ್ನರಸಿ ಹಳ್ಳದಲ್ಲಿ ಸಾಗುತ್ತಿದ್ದ ಆತನ ಎಡಗೈಯಲ್ಲಿ ಹಕ್ಕಿಯ ಎರಡು ಮೊಟ್ಟೆ, ಬಲಗೈಯಲ್ಲಿ ರೈಫಲು. ಬಂಡೆಯೊಂದನ್ನು ಬಳಸಿ ಹಿಂದಿರುಗಿ ನೋಡಿದರೆ ಸುಮಾರು ಎಂಟು ಅಡಿ ದೂರದಲ್ಲಿ ಹುಲಿಯ ಮುಖ! ನರಭಕ್ಷಕ ಹತ್ತಿರವಿದ್ದುದರಿಂದ ಸೇಫ್ಟಿ ತೆಗೆದಿತ್ತು. ಕೋವಿ ಎದೆಗೆ ಅಡ್ಡವಾಗಿತ್ತು. ಅದನ್ನು ಮುಕ್ಕಾಲು ಸುತ್ತು ತಿರುಗಿಸಬೇಕಾಗಿತ್ತು. ಒಂದೇ ಕೈಯಲ್ಲಿ, ಹುಲಿ ಬೆದರದಂತೆ, ಮೆಲ್ಲಮೆಲ್ಲನೆ ತಿರುಗಿಸಿ ಗುಂಡು ಹಾರಿಸಿದ. ಓದುಗರು ಮೆಚ್ಚುವುದು ಆತನ ಧೈರ್ಯವನ್ನು. ನಾನು ಮೆಚ್ಚುವುದು ಆ ಬೆರಳನ್ನು. ತಡೆಯುವ ಕೀಲು ಇಲ್ಲದಾಗಲೂ, ಸಾವು ಎದುರಿಗಿದ್ದಾಗಲೂ, ಕೋವಿಯ ಬಾಯಿ ಗುರಿಯನ್ನು ಮುಟ್ಟುವವರೆಗೆ ಅದು ಕಾದಿತ್ತು. ಅಂಥ ಸಂಯಮ ಆ ಗಳಿಗೆಯಲ್ಲಿ ಹುಟ್ಟುವಂಥದಲ್ಲ; ಸಾವಿರ ನಿರಪಾಯದ ನಡಿಗೆಗಳಲ್ಲಿ ಕೈಗೆ ಹತ್ತಿದ್ದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ನಮ್ಮಲ್ಲಿ ಬೇಟೆಯ ಯುಗ ಮುಗಿಯುತ್ತ ಬಂತು. ಅದು ಮುಗಿದದ್ದು ಒಳ್ಳೆಯದೇ. ಕೋವಿ ಮಾತ್ರ ಉಳಿದಿದೆ. ಕೊಡಗಿನಲ್ಲಿ ಕೈಲ್ ಮುಹೂರ್ತದಂದು ಅದಕ್ಕೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಆಯುಧವನ್ನು ಪೂಜಿಸುವುದೆಂದರೆ ಅದರ ಶಕ್ತಿಯನ್ನು ಮರೆಯದಿರುವುದೆಂದು ನಾನು ಅರ್ಥಮಾಡಿಕೊಂಡಿದ್ದೇನೆ. ಹೂವು ಬಾಡಿದ ಮೇಲೂ, ವರ್ಷದ ಉಳಿದೆಲ್ಲ ದಿನಗಳಲ್ಲಿಯೂ, ಕೋವಿಯ ಬಾಯಿ ಎತ್ತ ಇದೆಯೆಂದು ಗಮನಿಸುತ್ತಿರುವವನೇ ಆ ಪೂಜೆಯನ್ನು ಪೂರ್ಣಮಾಡುವವನು.